ಗೋಡೆಯ ಮೇಲೊಬ್ಬ ಜಾಣ

ನಮ್ಮ ಮನೆಗೆ ಹೊಸ ಯಂತ್ರ ಬಂದಾಗಲೆಲ್ಲ ಯಾರಾದರೊಬ್ಬರು ಪೆದ್ದರಾಗುವುದು ತಪ್ಪಿದ್ದಲ್ಲ. ಸಾಮಾನ್ಯವಾಗಿ ಅದು ನಾನೇ. ಇಂಗ್ಲೆಂಡಿನ ಬೀಸ್ಟನ್ನಿನಲ್ಲಿ ಮನೆ ಕೊಂಡ ವರ್ಷ ಹೀಟಿಂಗಿನ ಹಳೇ ಕಂಟ್ರೋಲರ್ ತೆಗೆಸಿ ಸ್ಮಾರ್ಟ್ ಥರ್ಮೋಸ್ಟಾಟ್ ಹಾಕಿಸಿದೆ. ಸಾಫ್ಟ್‌ವೇರಿನವನ ಮನೆಯಲ್ಲಿ ಇಷ್ಟಾದರೂ ಬೇಡವೇ ಎಂಬ ಜಂಬ ಬೇರೆ. ಆ ಚಳಿಗಾಲದಲ್ಲಿ ನಡೆದ ಕೆಲವು ಸಂಗತಿಗಳಿವು.

೧. ಎಷ್ಟಿರಲಿ?

ಹಳೆಯದು ಅಡುಗೆಮನೆ ಗೋಡೆಯ ಮೇಲಿನ ಒಂದು ಬಿಳಿ ಡಬ್ಬ. ಒಳಗೊಂದು ಚಕ್ರ, ಅದರ ಸುತ್ತ ಪುಟ್ಟ ಪುಟ್ಟ ಪಿನ್ನುಗಳು. ಯಾವ ಪಿನ್ನು ಒತ್ತಿದರೆ ಎಷ್ಟು ಗಂಟೆಗೆ ಮನೆ ಬೆಚ್ಚಗಿಡುವ ಗ್ಯಾಸ್ ಬಾಯ್ಲರ್ ಹತ್ತುತ್ತದೆ ಎಂಬುದು ನನಗೆ ಕೊನೆಗೂ ತಿಳಿಯಲಿಲ್ಲ. ನಾನೂ ಹೆಂಡತಿಯೂ ನಡುಗುತ್ತ ಆಫೀಸಿಗೆ ಹೊರಟ ಮೇಲೆ ಖಾಲಿ ಮನೆ ಬೆಚ್ಚಗೆ ಕೂತಿರುತ್ತಿತ್ತು.

ಹೊಸದನ್ನು ಕೂರಿಸಲು ಬಂದ ಇಂಗ್ಲಿಷ್ ಮೆಕ್ಯಾನಿಕ್ ಕೆಲಸ ಮುಗಿಸಿ, "ಮನೆ ಎಷ್ಟು ಬೆಚ್ಚಗಿರಬೇಕು?" ಎಂದು ಕೇಳಿದ. ನಾನು ತಬ್ಬಿಬ್ಬಾದೆ. ಮೈಸೂರಿನಲ್ಲಿ ಬೆಳೆದವನು ನಾನು. ಅಲ್ಲಿ ಹವೆ ಹೇಗಿದೆ ಎಂದು ಹೇಳುವವರಿದ್ದರೇ ಹೊರತು, ಹೇಗಿರಲಿ ಎಂದು ನನ್ನನ್ನು ಯಾರೂ ಕೇಳಿದವರಿಲ್ಲ. ಕೊನೆಗೆ, "ಮೈಸೂರಿನಷ್ಟು" ಅಂದೆ.

ಆತ ತುಸು ಯೋಚಿಸಿ, "ಇದಕ್ಕೆ ಊರುಗಳು ಗೊತ್ತಾಗಲ್ಲ, ಅಂಕಿ ಹೇಳಿ" ಎಂದ.

೨. ಹಾಲು ಮತ್ತು ಕೂಸು

ಅಕ್ಟೋಬರಿನಲ್ಲಿ ಮಗಳು ಹುಟ್ಟಿದಳು. ಬಾಣಂತನಕ್ಕೆಂದು ಧಾರವಾಡದಿಂದ ಅತ್ತೆ ಬಂದರು. ಹಿಂದಿನ ವರ್ಷವಷ್ಟೇ ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ಬಾಣಂತಿಗೂ ಕೂಸಿಗೂ ಗಾಳಿ ತಾಗಕೂಡದು ಎಂಬುದು ಅವರ ಮೊದಲನೇ ಪಾಠ.

ಮಗುವನ್ನು ನೋಡಲು ಮನೆಗೆ ಬಂದ ನರ್ಸು, ಕೂಸಿನ ಕೋಣೆ ಹದಿನೆಂಟು ಡಿಗ್ರಿ ಇದ್ದರೆ ಸಾಕು, ಹೆಚ್ಚು ಬೆಚ್ಚಗಿದ್ದರೆ ಒಳ್ಳೆಯದಲ್ಲ ಎಂದಳು. ಅತ್ತೆ ಕನ್ನಡದಲ್ಲೇ ಉತ್ತರ ಕೊಟ್ಟರು: "ಹದಿನೆಂಟು ಡಿಗ್ರಿ ಒಳಗ ನಾವು ಹಾಲು ಇಡ್ತೀವಿ, ಕೂಸು ಇಡೂದಿಲ್ಲ."

ಏನಂದರು ಎಂದು ನರ್ಸು ಕೇಳಿದಳು. ನನ್ನ ಹೆಂಡತಿ ಗಾಬರಿಯಿಂದ, "ಟೀಗೆ ಹಾಲು ಬೇಕಾ ಅಂತ ಕೇಳ್ತಿದಾರೆ" ಎಂದಳು.

೩. ಗೈರುಹಾಜರಿ

ಆ ಥರ್ಮೋಸ್ಟಾಟಿನ ದೊಡ್ಡ ಜಾಣತನವೆಂದರೆ, ನಮ್ಮಿಬ್ಬರ ಫೋನುಗಳು ಎಲ್ಲಿವೆ ಎಂದು ಅದು ನೋಡಿಕೊಂಡಿರುತ್ತಿತ್ತು. ಎರಡೂ ಮನೆ ಬಿಟ್ಟರೆ ತಾನಾಗಿ ಹೀಟಿಂಗ್ ಆರಿಸುತ್ತಿತ್ತು. ಇದನ್ನು ನಾನು ಆಫೀಸಿನಲ್ಲೆಲ್ಲ ಹೊಗಳಿಕೊಂಡು ತಿರುಗಿದ್ದೆ.

ಜನವರಿಯಿಂದ ಹೆಂಡತಿ ವಾರಕ್ಕೆರಡು ದಿನ ಮಗುವನ್ನು ಲೈಬ್ರರಿಗೆ ಕರೆದೊಯ್ಯತೊಡಗಿದಳು. ಅಲ್ಲಿ ಕೂಸುಗಳಿಗೆ ಹಾಡು ಹೇಳಿಕೊಡುತ್ತಾರೆ. ಅತ್ತೆ ಅಡುಗೆಗೆಂದು ಮನೆಯಲ್ಲೇ ಉಳಿಯುತ್ತಿದ್ದರು. ಅಂಥದೊಂದು ದಿನ ಲ್ಯಾಪ್‌ಟಾಪಿನ ಚಾರ್ಜರ್ ಮರೆತು ನಾನು ಹನ್ನೊಂದು ಗಂಟೆಗೇ ವಾಪಸು ಬಂದೆ. ನೋಡಿದರೆ, ಅತ್ತೆ ನನ್ನ ಓವರ್‌ಕೋಟು ತೊಟ್ಟು, ತಲೆಗೆ ಮಫ್ಲರ್ ಸುತ್ತಿಕೊಂಡು ರೊಟ್ಟಿ ಬಡಿಯುತ್ತಿದ್ದಾರೆ. ಮನೆ ಐಸಾಗಿತ್ತು.

"ಅತ್ತೆ, ಚಳಿ ಆಗ್ತಿದೆಯಾ?"

"ಇಲ್ಲ ಬಿಡ್ರಿ. ನನ್ನ ಒಬ್ಬಾಕಿ ಸಲುವಾಗಿ ಯಾಕ ಗ್ಯಾಸ್ ಸುಡಬೇಕು ಅಂತ ನೀವ ಬಂದ್ ಮಾಡಿರಬೇಕು ಅನ್ಕೊಂಡೆ. ಖರೇನ ಐತಿ."

ಅಷ್ಟರಲ್ಲಿ ನನ್ನ ಫೋನು ಮನೆಗೆ ಬಂದದ್ದು ತಿಳಿದು ಬಾಯ್ಲರ್ ತಾನಾಗಿ ಹತ್ತಿಕೊಂಡಿತು. ಆಗ ನನಗೆ ಹೊಳೆಯಿತು. ಅತ್ತೆಯ ಹತ್ತಿರ ಇದ್ದದ್ದು ಗುಂಡಿಗಳ ಹಳೇ ಫೋನು. ಯಂತ್ರದ ಪ್ರಕಾರ ಮನೆಯಲ್ಲಿ ಯಾರೂ ಇರಲಿಲ್ಲ. ಮೂರು ವಾರದಿಂದ ಅಂಥ ದಿನಗಳಲ್ಲೆಲ್ಲ ಅವರು ಹೀಗೆ ಚಳಿಯಲ್ಲಿ ಕೂತಿದ್ದರು, ಒಂದು ಮಾತೂ ಆಡಿರಲಿಲ್ಲ. ಅವರ ಕಣ್ಣಲ್ಲಿ ನಾನು ಎಂಥವನಾಗಿದ್ದೆನೋ ನೆನೆದು ನಾಚಿಕೆಯಾಯಿತು. ಎಲ್ಲ ಬಿಡಿಸಿ ಹೇಳಿದೆ, ಕ್ಷಮೆಯನ್ನೂ ಕೇಳಿದೆ.

ಅತ್ತೆ ಕೈಗಂಟಿದ ಹಿಟ್ಟು ಒರೆಸಿಕೊಂಡು, ಗೋಡೆಯ ಮೇಲಿನ ಜಾಣನನ್ನು ದಿಟ್ಟಿಸಿದರು. "ಇಷ್ಟು ವರ್ಷ ಹಾಜರಿ ತಗೊಂಡೀನಿ. ಎದುರಿಗೆ ಕೂತವರನ್ನ ಗೈರು ಅಂತ ಒಂದ್ ಸಲನೂ ಬರದಿಲ್ಲ."

೪. ಕಿಟಕಿ

ಮರುದಿನವೇ ನನ್ನ ಹಳೇ ಸ್ಮಾರ್ಟ್‌ಫೋನನ್ನು ಅತ್ತೆಗೆ ಕೊಟ್ಟು, ಅದರಲ್ಲಿ ಥರ್ಮೋಸ್ಟಾಟಿನ ಆ್ಯಪ್ ಹಾಕಿ, ಮನೆಯವರ ಪಟ್ಟಿಗೆ ಅವರ ಹೆಸರು ಸೇರಿಸಿದೆ. ಒಂದೇ ದಿನದಲ್ಲಿ ಎಲ್ಲ ಕಲಿತರು. ವೀಸಾ ಮುಗಿಯುವ ಮುಂಚೆ, ಮಾರ್ಚಿನಲ್ಲಿ, ಕೂಸನ್ನು ಬಿಡಲಾರದೆ ಅಳುತ್ತಲೇ ಧಾರವಾಡಕ್ಕೆ ಹೊರಟರು. ಫೋನೂ ಅವರ ಜೊತೆಗೇ ಹೋಯಿತು.

ಮುಂದಿನ ಭಾನುವಾರ ಬೆಳಗ್ಗೆ ಎದ್ದರೆ ಮೂವರೂ ಬೆವರುತ್ತಿದ್ದೇವೆ. ಇಪ್ಪತ್ತಾರು ಡಿಗ್ರಿ! ನಾನು ಇಳಿಸಿದೆ. ಐದು ನಿಮಿಷಕ್ಕೆ ಮತ್ತೆ ಏರಿತು. ಆ್ಯಪ್ ತೆರೆದು ನೋಡಿದರೆ, ಏರಿಸಿದವರ ಹೆಸರು ಸ್ಪಷ್ಟವಾಗಿ ಕಾಣುತ್ತಿತ್ತು. ಧಾರವಾಡದಲ್ಲಿ ಕೂತು ಅತ್ತೆ ಬಾಣಂತನ ಮುಂದುವರಿಸಿದ್ದರು.

ಅವರ ಹೆಸರಿನ ಪಕ್ಕದಲ್ಲೇ 'ಅಳಿಸು' ಎಂಬ ಗುಂಡಿಯಿತ್ತು. ಬೆರಳನ್ನು ಅದರವರೆಗೂ ಒಯ್ದೆ. ಒತ್ತಲು ಮನಸ್ಸು ಬರಲಿಲ್ಲ. ಮೊದಲ ಸಲ ಅವರನ್ನು ಲೆಕ್ಕದಿಂದ ಬಿಟ್ಟದ್ದು ಯಂತ್ರ, ಈ ಸಲ ಬಿಟ್ಟರೆ ಅದು ನಾನೇ. ಹೆಂಡತಿಯ ಮುಖ ನೋಡಿದೆ. ಅವಳು ಮಗುವಿನ ಸ್ವೆಟರ್ ಬಿಚ್ಚತೊಡಗಿದಳು. ಸುಮ್ಮನೆ ಎದ್ದು ಕಿಟಕಿ ತೆರೆದೆ. ತಣ್ಣನೆ ಗಾಳಿ ಬಂತು, ಹಾಯೆನಿಸಿತು.

ಮನೆ ಇದ್ದಕ್ಕಿದ್ದಂತೆ ತಣ್ಣಗಾದರೆ 'ಕಿಟಕಿ ತೆರೆದಿದೆ' ಎಂದು ಆ ಯಂತ್ರ ಮನೆಯವರಿಗೆಲ್ಲ ಸುದ್ದಿ ಕಳಿಸುತ್ತದೆಂದು ನನಗೆ ಗೊತ್ತಿರಲಿಲ್ಲ. ಫೋನು ಹೊಡೆದುಕೊಂಡಿತು.

"ಅಳಿಯಂದಿರ, ಕೂಸಿನ್ನ ಒಳಗ ಇಟ್ಕೊಂಡು ಕಿಟಕಿ ತಗದೀರಲ್ಲ! ಮೊದಲು ಹಾಕ್ರಿ. ಹಾಕಿದ್ರೋ ಇಲ್ಲೋ, ನನಗ ಇಲ್ಲೇ ಕಾಣ್ತದ."