ಇಸವಿ ಎರಡು ಸಾವಿರವನ್ನು ಪರದೆಯ ಹಿಂದಿನಿಂದ ಹೇಳುವ ಗಡಿಗೆಪ್ಪನವರಿಗೆ

ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ ‘ಮುನ್ನೋಟ ಸಲಹಾ ಕೇಂದ್ರ’ವೆಂಬ ಬೋರ್ಡಿನ ಕೆಳಗೆ, ಹಸಿರು ಪರದೆಯ ಹಿಂದೆ ವಿರಾಜಮಾನರಾಗಿ, ಬರುವ ಕಾಲವನ್ನೆಲ್ಲ ಅಂಗೈಯಲ್ಲಿ ಹಿಡಿದಿರುವ ಶ್ರೀ ಗಡಿಗೆಪ್ಪನವರ ಸನ್ನಿಧಾನಕ್ಕೆ ಮಾನ್ವಿ ತಾಲ್ಲೂಕು ಹಿರೇಕೊಟ್ನೆಕಲ್ಲಿನ ಬಸ್ಸಮ್ಮ ಮಾಡುವ ಶರಣು.

ಮಾನ್ಯರೇ,

ಹನುಮಪ್ಪನ ದಯದಿಂದ ನಾವಿಲ್ಲಿ ಕ್ಷೇಮ. ತಮ್ಮ ಕ್ಷೇಮವನ್ನೂ ಕೇಳುವುದು ವಾಡಿಕೆ. ಆದರೆ ಹದಿನಾರು ವರ್ಷದಾಚೆಯದನ್ನು ಬಲ್ಲವರಿಗೆ ಇವತ್ತಿನ ಕ್ಷೇಮ ಕೇಳಿ ಸಣ್ಣತನ ಮಾಡಬಾರದೆಂದು ಬಿಟ್ಟಿದ್ದೇನೆ. ನಾನು ಗುಡಿಕಟ್ಟೆಯ ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ ಓದಿದವಳು, ಸಂಜೆಗೊಮ್ಮೆ ಪುರಾಣ ಓದಿ ಅಕ್ಷರ ಉಳಿಸಿಕೊಂಡವಳು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ಈ ಪತ್ರವನ್ನು ಅಂಚೆಗೆ ಹಾಕದೆ ವಾರಪತ್ರಿಕೆಯವರ ಕೈಗೆ ಕೊಟ್ಟದ್ದಕ್ಕೂ ಕಾರಣವುಂಟು. ಎದುರಿಗೆ ನಿಂತು ಹೇಳೋಣವೆಂದು ಹೋದ ತಿಂಗಳು ತಮ್ಮಲ್ಲಿಗೆ ಬಂದಿದ್ದೆ. ಹತ್ತಿ ಮಿಲ್ಲಿನ ಸಾಹುಕಾರರು, ದೇವದುರ್ಗದ ಬಸ್ ಮಾಲಕರು ಪಾಳಿ ಹಚ್ಚಿ ಕೂತಿದ್ದರು. ನನ್ನ ಪಾಳಿ ಬರುವುದರೊಳಗೆ ಊರ ಕಡೆಯ ಕಡೇ ಬಸ್ಸು ಬಂದುಬಿಟ್ಟಿತು.

ತಮ್ಮ ಏಳಿಗೆಯ ಕಥೆಯನ್ನು ಓದುಗರಿಗೆ ತಿಳಿಸುವುದು ಮೊದಲ ಕರ್ತವ್ಯ. ಕಾರಹುಣ್ಣಿಮೆಗೆ ಹನುಮಪ್ಪನ ಗುಡಿಯ ಮುಂದೆ ನಾಟಕ ಆಡಿಸುವುದು ನಮ್ಮೂರ ಸೇವೆ. ಅದರಲ್ಲಿ ಇಪ್ಪತ್ತು ವರ್ಷದಿಂದ ನಮ್ಮ ಮನೆಯವರೇ ರಾಜ; ತಾವೇ ಪುಸ್ತಕ ಹಿಡಿದು ಪರದೆಯ ಹಿಂದಿನಿಂದ ಮಾತು ಎತ್ತಿಕೊಡುವವರು. ನಮ್ಮ ಮನೆಯವರಿಗೆ ಮೀಸೆಯಿತ್ತು, ಕಂಠವಿತ್ತು, ಗತ್ತಿತ್ತು. ನೆನಪೊಂದನ್ನು ಮಾತ್ರ ದೇವರು ಕೊಟ್ಟಿರಲಿಲ್ಲ. ತಾವು ಪಿಸುಗುಟ್ಟಿದ್ದನ್ನು ಅವರು ಗುಡುಗುತ್ತಿದ್ದರು. ಈ ಅಭ್ಯಾಸ ಎಷ್ಟು ಬಲಿತಿತ್ತೆಂದರೆ, ಮನೆಯಲ್ಲಿ ಇನ್ನೊಂದು ರೊಟ್ಟಿ ಹಾಕಲೇ ಎಂದು ಕೇಳಿದರೂ ಬಲಗಿವಿಯನ್ನು ಗೋಡೆಯ ಕಡೆ ವಾಲಿಸಿ ತುಸು ಕಾಯುತ್ತಿದ್ದರು.

ನಾಟಕಕ್ಕೆ ಮೊದಲು ಗುಡಿಯ ದೀಪವನ್ನು ತಂದು ರಂಗದ ಮೂಲೆಯಲ್ಲಿಡುವುದರಿಂದ, ಅದರ ಮುಂದೆ ಆಡಿದ ಮಾತಿನಂತೆ ನಡೆಯಬೇಕೆಂಬುದು ನಮ್ಮೂರ ಕಟ್ಟು. ಒಂದು ವರ್ಷ ತಾವು ಎರಡು ಹಾಳೆಗಳನ್ನು ಒಟ್ಟಿಗೆ ತಿರುವಿ ಮುಂದಿನ ಅಂಕದ ಗೋದಾನದ ಮಾತನ್ನು ಎತ್ತಿಕೊಟ್ಟಿರಿ. ರಾಜರು ಎದುರಿಗೆ ಸಿಕ್ಕ ದ್ವಾರಪಾಲಕನಿಗೆ ಗೋದಾನ ಮಾಡಿದರು. ಆ ವೇಷ ಹಾಕಿದ್ದ ಮಾರೆಪ್ಪ ಮರುದಿನ ಹಗ್ಗ ಹಿಡಿದು ಬಂದು ನಮ್ಮ ಕೊಟ್ಟಿಗೆಯ ಕರುವನ್ನು ಬಿಚ್ಚಿಕೊಂಡು ಹೋದ. ತಡೆಯುವಂತಿರಲಿಲ್ಲ. ದೀಪದ ಮುಂದಿನ ಮಾತು.

ಹೋದ ದಸರೆಯ ಹೊತ್ತಿಗೆ ಮಾನ್ವಿಯಲ್ಲಿ ದೊಡ್ಡ ಅಧಿಕಾರಿಯೊಬ್ಬರ ಭಾಷಣವಾಯಿತಲ್ಲ, ತಮ್ಮ ಭಾಗ್ಯದ ಬಾಗಿಲು ತೆರೆದದ್ದು ಅಲ್ಲಿ. ಇಸವಿ ಎರಡು ಸಾವಿರದಲ್ಲಿ ನಮ್ಮ ಸೀಮೆ ಹೇಗಿರುತ್ತದೆಂಬುದು ವಿಷಯ. ವೇದಿಕೆಗೆ ನಮ್ಮ ನಾಟಕದ ಪರದೆಯನ್ನೇ ಒಯ್ದು ಕಟ್ಟಿದ್ದರು, ಅದನ್ನು ಕಾಯಲೆಂದು ತಾವು ಹಿಂದೆ ಕೂತಿದ್ದಿರಿ. ಗಾಳಿಗೆ ಅಧಿಕಾರಿಗಳ ಕೈಯ ಕಾಗದ ಹಾರಿಹೋಗಿ ಅವರು ಬಾಯಿ ತೆರೆದುಕೊಂಡು ನಿಂತರು. ಬಾಯಿ ತೆರೆದು ನಿಂತವರನ್ನು ಕಂಡರೆ ತಮಗೆ ಸುಮ್ಮನಿರಲಾಗುತ್ತದೆಯೇ? ಇಂದ್ರನ ಸಭೆಯ ವರ್ಣನೆಯನ್ನು ಎತ್ತಿಕೊಟ್ಟಿರಿ. ಬೀದಿಬೀದಿಗೆ ಪನ್ನೀರು ಹರಿಯುವುದು, ಮನೆಮನೆಯಲ್ಲಿ ರತ್ನದೀಪ ಬೆಳಗುವುದು, ಮುಪ್ಪೆಂಬುದೇ ಇರುವುದಿಲ್ಲ ಎಂದು ಅಧಿಕಾರಿಗಳು ಸಾರಿದರು. ಚಪ್ಪಾಳೆಗೆ ಪೆಂಡಾಲು ಅಲುಗಿತು. ಇಂಥ ದೂರದೃಷ್ಟಿಯ ಮನುಷ್ಯ ಪರದೆಯ ಹಿಂದೆ ಇರಬಾರದೆಂದು ಅವರು ತಮ್ಮನ್ನು ರಾಯಚೂರಿಗೆ ಕರೆದೊಯ್ದು ಇನ್ನೊಂದು ಪರದೆಯ ಹಿಂದೆ ಕೂರಿಸಿದರು.

ಕೂರಿಸದೆ ಉಪಾಯವೂ ಇರಲಿಲ್ಲವೆಂದು ಕೇಳಿದ್ದೇನೆ. ಎದುರಿಗೆ ಮುಖವಿದ್ದರೆ ತಮಗೆ ಮಾತೇ ಹೊರಡುವುದಿಲ್ಲವಂತೆ. ಜನ ಅದನ್ನು ಗಾಂಭೀರ್ಯವೆಂದರು. ತಾವು ಗಟ್ಟಿಯಾಗಿ ಮಾತಾಡಲಾರಿರಿ, ಅದನ್ನು ಗುಟ್ಟಿನ ವಿದ್ಯೆಯೆಂದರು. ತಮಗೆ ಬರುವುದು ಮೂರು ನಾಟಕ ಮಾತ್ರ. ಮೂರರಲ್ಲೂ ಮೊದಲು ವೈಭವ, ನಡುವೆ ಮೈದುನನ ಮೋಸ, ಕೊನೆಗೆ ಮಂಗಳ. ಹತ್ತಿ ಮಿಲ್ಲಿನವರಿಗೆ ಮೈದುನನ ಮೇಲೆ ಕಣ್ಣಿಡಿ ಎಂದಿರಂತೆ. ರಾಯಚೂರಿನಲ್ಲಿ ಮೈದುನನ ಮೇಲೆ ಅನುಮಾನವಿಲ್ಲದ ಸಾಹುಕಾರ ಎಲ್ಲಿದ್ದಾನೆ? ಹೋಗಿ ನೋಡಿದರೆ ನಿಜವೇ. ಎಲ್ಲಕ್ಕಿಂತ ದೊಡ್ಡ ವಿದ್ಯೆಯೆಂದರೆ, ಬಂದವರು ಮುಂದೆ ಏನು ಅನ್ನಬೇಕೆಂದು ತಾವು ಪಿಸುಗುಟ್ಟುತ್ತೀರಿ, ಅವರು ಮನೆಗೆ ಹೋಗಿ ಅದನ್ನೇ ಅನ್ನುತ್ತಾರೆ, ಆಮೇಲೆ ಗಡಿಗೆಪ್ಪ ಹೇಳಿದಂತೆಯೇ ಆಯಿತೆಂದು ಕೈ ಮುಗಿಯುತ್ತಾರೆ. ಪಂಚಾಂಗದ ಅಯ್ಯನವರಿಗೂ ಇಷ್ಟು ಸುಲಭದ ಹಾದಿ ಹೊಳೆದಿರಲಿಲ್ಲ.

ಇನ್ನು ನನ್ನ ಅಹವಾಲು. ನಮ್ಮ ಮಗಳು ಗೋಪಮ್ಮ ಕವಿತಾಳದಲ್ಲಿ ಹತ್ತನೆಯ ತರಗತಿ ಪಾಸಾದಳು. ರಾಯಚೂರಿನಲ್ಲಿ ಶಿಕ್ಷಕಿಯ ಟ್ರೇನಿಂಗಿಗೆ ಸೇರಬೇಕೆಂಬುದು ಅವಳ ಆಸೆ, ಅವಳಪ್ಪ ಒಪ್ಪಿಯೂ ಇದ್ದರು. ದೊಡ್ಡವರನ್ನು ಒಂದು ಮಾತು ಕೇಳಿಬರುತ್ತೇನೆಂದು ತಮ್ಮಲ್ಲಿಗೆ ಬಂದರು. ತಿರುಗಿ ಬಂದವರು ಹೊಸ್ತಿಲಲ್ಲೇ ನಿಂತು, ತಾವು ಪಿಸುಗುಟ್ಟುವ ದನಿಯಲ್ಲೇ, “ಮುಂದಿನ ಕಾಲದಾಗ ಸಾಲಿಗೆ ಮಾಸ್ತರ ಬೇಕಾಗಂಗಿಲ್ಲ, ಮಿಷನ್ನ ಪಾಠ ಹೇಳ್ತಾವ. ಹುಡುಗಿ ಮದುವಿ ಮಾಡಿಬಿಡು” ಅಂದರು. ಮೂರನೆಯ ಅಂಕದಲ್ಲಿ ರಾಜಕುಮಾರಿಯ ಮದುವೆಯಾಗದೆ ತಮ್ಮ ಯಾವ ನಾಟಕವೂ ಮುಗಿಯುವುದಿಲ್ಲವೆಂಬುದನ್ನು ನಾನು ಬಲ್ಲೆ. ಆದರೆ ಇಪ್ಪತ್ತು ವರ್ಷ ತಮ್ಮ ಮಾತನ್ನೇ ಆಡಿದ ಬಾಯಿಗೆ ನನ್ನ ಮಾತು ಹತ್ತಲಿಲ್ಲ. ಗೋಪಮ್ಮ ಎರಡು ದಿನ ಊಟ ಬಿಟ್ಟಳು. ಟ್ರೇನಿಂಗಿಗೆ ಹೆಸರು ಹಚ್ಚುವ ದಿನ ಹತ್ತಿರ ಬರುತ್ತಿತ್ತು, ಗಂಡಿನ ಕಡೆಯವರೂ ಬರುವವರಿದ್ದರು.

ಆದುದರಿಂದ ತಮ್ಮಲ್ಲಿ ವಿನಂತಿ: ಆ ಮಿಷನ್ನನ್ನು ಒಂದು ವಾರದ ಮಟ್ಟಿಗೆ ನಮ್ಮೂರ ಶಾಲೆಗೆ ಕಳಿಸಿಕೊಡಬೇಕು. ಒಂದನೆಯ ತರಗತಿಯವರ ಸಿಂಬಳ ಒರೆಸಲು, ಚಡ್ಡಿಯ ಲಾಡಿ ಕಟ್ಟಲು, ಹೊಲಕ್ಕೆ ಓಡಿಹೋದವರನ್ನು ಕರೆತರಲು ಅದಕ್ಕೆ ಬರುತ್ತದೆಯೋ ಇಲ್ಲವೋ ನೋಡುತ್ತೇವೆ. ಅದು ಇನ್ನೂ ಹುಟ್ಟಿಲ್ಲವಾದರೆ, ಹುಟ್ಟುವವರೆಗೆ ಇಸವಿ ಎರಡು ಸಾವಿರವನ್ನು ತುಸು ಮುಂದಕ್ಕೆ ಹಾಕಿಸಬೇಕು. ಅಧಿಕಾರಿಗಳ ಪರಿಚಯ ತಮಗುಂಟು.

ಗಂಡಿನ ಕಡೆಯವರು ಬರುವಷ್ಟರಲ್ಲಿ ಕಾರಹುಣ್ಣಿಮೆ ಬಂತು. ನಾಟಕಕ್ಕೆ ಬನ್ನಿರೆಂದು ಮಂತ್ರಿ ಪಾತ್ರದ ಬಳೆಗಾರ ಲಾಲ್ ಸಾಬರು ತಮ್ಮಲ್ಲಿಗೆ ಬಂದರೆ, ತಾವು ಬರುವ ಶತಮಾನದ ಕೆಲಸದಲ್ಲಿದ್ದೀರೆಂದು ಉತ್ತರ ಸಿಕ್ಕಿತು. ಪುಸ್ತಕವೂ ತಮ್ಮಲ್ಲೇ ಉಳಿಯಿತು. ಅದಿಲ್ಲದೆ ತಮ್ಮ ಕೇಂದ್ರ ನಡೆಯುವುದೆಂತು! ಸೇವೆ ತಪ್ಪಬಾರದೆಂದು ಪರದೆ ಕಟ್ಟಿದೆವು. ದೀಪಕ್ಕೆ ಎಣ್ಣೆ ಹಾಕುವ ಪಾಳಿ ನನ್ನದಾದ್ದರಿಂದ ನಾನು ಪರದೆಯ ಹಿಂದೆ ನಿಂತಿದ್ದೆ. ಮೊದಲೆರಡು ಅಂಕಗಳನ್ನು ಲಾಲ್ ಸಾಬರೇ ರಾಜನ ಮಾತನ್ನೂ ಆಡಿ ದಾಟಿಸಿದರು. ಮೂರನೆಯ ಅಂಕದಲ್ಲಿ ಮಂತ್ರಿ ಕೈಕಟ್ಟಿ ಕೇಳಬೇಕು, ರಾಜನೇ ಮಗಳ ಮದುವೆಯನ್ನು ಸಾರಬೇಕು. ನಮ್ಮ ಮನೆಯವರು ಕೈಯೆತ್ತಿದರು, ಬಾಯಿ ತೆರೆದರು, ಬಲಗಿವಿಯನ್ನು ಪರದೆಗೆ ವಾಲಿಸಿದರು. ಕೇಳಿ ಕೇಳಿ ಆ ಮಾತು ನನಗೂ ಬಾಯಿಪಾಠವಿತ್ತು. ಹನುಮಪ್ಪನನ್ನು ನೆನೆದು ಬಾಯಿ ತೆರೆದೆ. ಬಂದದ್ದು ಬೇರೆ ಮಾತು. ನಾನು ಪಿಸುಗುಟ್ಟಿದೆ, ಅವರು ಗುಡುಗಿದರು:

“ಎಲೈ ಮಂತ್ರಿಯೇ, ಕೇಳುವಂಥವನಾಗು. ನಮ್ಮ ಮಗಳು ಗೋಪಮ್ಮನನ್ನು ರಾಯಚೂರಿನ ಟ್ರೇನಿಂಗಿಗೆ ಕಳುಹಿಸುವುದಾಗಿ ಈ ದೀಪದ ಸಾಕ್ಷಿಯಾಗಿ ಅಪ್ಪಣೆ ಮಾಡಿದ್ದೇವೆ. ಹೆಸರು ಹಚ್ಚಲು ನಾವೇ ಸ್ವತಃ ಹೋಗತಕ್ಕದ್ದು.”

ಅಂದ ಮೇಲೆ ಅಂದದ್ದೇನೆಂದು ಅವರಿಗೆ ತಿಳಿಯಿತು. ಲಾಲ್ ಸಾಬರು ಪರದೆಯ ಕೆಳಗೆ ಕಾಣುತ್ತಿದ್ದ ನನ್ನ ಕಾಲುಂಗುರವನ್ನೊಮ್ಮೆ ನೋಡಿ, ಮಹಾಪ್ರಭುವಿನ ಅಪ್ಪಣೆಯೆಂದು ನಡು ಬಗ್ಗಿಸಿದರು. ನಾಟಕ ಮುಗಿದ ಮೇಲೆ ನಮ್ಮ ಮನೆಯವರು, ಅಂದವನು ರಾಜ, ತಾನಲ್ಲ ಎಂದು ವಾದಕ್ಕೆ ನಿಂತರು. “ಆ ಕರುನೂ ರಾಜಾನ ಕೊಟ್ಟಿದ್ದ, ಹೋಗಿದ್ದು ನಿನ್ನ ಕೊಟ್ಟಿಗ್ಯಾಂದು. ಸುಮ್ನ ನಡಿ ಮಾಮಾ” ಎಂದರು ಲಾಲ್ ಸಾಬರು. ಮಾರೆಪ್ಪನೇ ಸಾಕ್ಷಿ ಹೇಳಿದ. ಮರುವಾರ ಅಪ್ಪ ಮಗಳು ಒಂದೇ ಬಸ್ಸಿಗೆ ಹೋಗಿ ಹೆಸರು ಹಚ್ಚಿ ಬಂದರು. ದಾರಿಯಲ್ಲಿ ತಮ್ಮ ಬೋರ್ಡು ಕಂಡಾಗ ಗೋಪಮ್ಮ ಅಪ್ಪನ ಬಲಗಿವಿಯ ಕಡೆಗೆ ಬಂದು ಕೂತಳಂತೆ.

ಇಂತು, ಇಸವಿ ಎರಡು ಸಾವಿರದ ಮೊದಲ ದಿನದವರೆಗೂ ತಮ್ಮ ವಿಶ್ವಾಸಿ,
ಬಸ್ಸಮ್ಮ

ತಾ.ಕ.: ಪುಸ್ತಕವನ್ನು ತಾವೇ ಇಟ್ಟುಕೊಳ್ಳಬಹುದು. ಮುಂದಿನ ಕಾರಹುಣ್ಣಿಮೆಗೆ ತಮಗೊಂದು ದೊಡ್ಡ ಪಾತ್ರ ತೆಗೆದಿಟ್ಟಿದ್ದೇವೆ. ಈ ಸಲ ಪರದೆಯ ಮುಂದೆ, ದೀಪದ ಹತ್ತಿರವೇ. ಮಾತು ಮರೆತೀತೆಂದು ಹೆದರಬೇಡಿ, ಹಿಂದೆ ನಾನಿರುತ್ತೇನೆ. ನಮ್ಮ ಕರುವಿನ ಮಾತೊಂದು ಇನ್ನೂ ಹಾಗೆಯೇ ಉಳಿದಿದೆ.