ಕರೆಂಟಿನ ಕಾರಿಗೆ ನದರು

ನಮ್ಮ ಕಡೆ ಓಡುವ ಗಾಡಿಯನ್ನು ಯಾರೂ ಕತ್ತೆತ್ತಿ ನೋಡುವುದಿಲ್ಲ. ಅದೇ ಗಾಡಿ ನಿಂತಿತೋ, ಓಣಿಯ ಅರ್ಧ ಮಂದಿ ಕೈ ಹಿಂದೆ ಕಟ್ಟಿಕೊಂಡು ಬಂದು ಸುತ್ತ ನಿಲ್ಲುತ್ತಾರೆ. ಬಂಡಿಯ ಕೀಲು ಮುರಿದರೂ ಅಷ್ಟೆ, ಟ್ರ್ಯಾಕ್ಟರಿನ ಟೈರು ಸಿಡಿದರೂ ಅಷ್ಟೆ. ಬಂದವರು ಸುಮ್ಮನೆ ನಿಲ್ಲುವವರೂ ಅಲ್ಲ. ಒಬ್ಬೊಬ್ಬರು ಒಂದೊಂದು ರೋಗ ಹೇಳಿ, ಒಂದೊಂದು ಔಷಧ ಹೇಳಿ, ನಾವು ಕೊಟ್ಟ ಚಹಾ ಕುಡಿದು, ಹೋಗುವಾಗ "ಇದನ್ನ ತಗೋಬಾರದಿತ್ತು ನೋಡ್ರಿ" ಎಂದು ಹೇಳಿ ಹೋಗುತ್ತಾರೆ. ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಯಾಕೆಂದರೆ, ನನಗೆ ಗೊತ್ತಿದ್ದ ಮಟ್ಟಿಗೆ, ಇಡೀ ಸಿಂದಗಿಯಲ್ಲಿ ಕರೆಂಟಿನ ಕಾರು ತೆಗೆದುಕೊಂಡು ಅದನ್ನು ತಾನೇ ಓಡಿಸಿಕೊಂಡು ತಿರುಗುವ ಹೆಂಗಸು ನಾನೊಬ್ಬಳೇ. ದಿನಾ ಅದರಲ್ಲೇ ದೇವರ ಹಿಪ್ಪರಗಿಯ ಕಾಲೇಜಿಗೆ ಹೋಗಿ ಭೌತಶಾಸ್ತ್ರ ಕಲಿಸಿ ಬರುತ್ತೇನೆ. ಕರೆಂಟಿನ ವಿಷಯದಲ್ಲಿ ಯಾರಾದರೂ ಬುದ್ಧಿ ಹೇಳಲು ಬಂದರೆ, ಮೊದಲು ಓಮನ ನಿಯಮ ಹೇಳಿ ಎಂದು ಕೇಳುವಷ್ಟು ಸೊಕ್ಕು ನನಗಿದೆ. ಇತ್ತು ಎನ್ನುವುದು ಸರಿಯೇನೋ.

ಈ ಕಾರನ್ನು ಕಂಡರೆ ಮೊದಲಿನಿಂದಲೂ ಆಗದವರು ನಮ್ಮ ಭಾವ, ಎಂದರೆ ನಮ್ಮವರ ಅಣ್ಣ. ಪಕ್ಕದ ಓಣಿಯಲ್ಲೇ ಅವರ ಮನೆ. ಅವರ ಹತ್ತಿರ ಒಂದು ಡೀಸೆಲ್ ಜೀಪಿದೆ; ಅದು ಚಾಲೂ ಆಯಿತೆಂದರೆ ನಮ್ಮ ಅಡುಗೆಮನೆಯ ತಾಟುಗಳು ನಡುಗುತ್ತವೆ. ಭಾವನವರು ಹಳೇ ಕಾಲದ ಮರ್ಯಾದಸ್ತರು, ತಮ್ಮನ ಹೆಂಡತಿಯ ಜೊತೆ ನೇರವಾಗಿ ಮಾತಾಡುವುದಿಲ್ಲ. ನನಗೆ ಹೇಳಬೇಕಾದ್ದನ್ನೆಲ್ಲ ನನ್ನೆದುರಿಗೇ ತಮ್ಮನಿಗೆ ಹೇಳುತ್ತಾರೆ. "ತಮ್ಮಾ, ಮೊಬೈಲ್ ಚಾರ್ಜ್ ಮಾಡಿದಂಗ ಕಾರ್ ಚಾರ್ಜ್ ಮಾಡ್ತಾರೇನೋ? ನಡುದಾರ್‍ಯಾಗ ನಿಂತ್ರ ಯಾವ ಜ್ವಾಳದ ದಂಟಿಗೆ ವೈರ್ ಚುಚ್ಚತಾರಂತ ಕೇಳು." ನಮ್ಮವರು ಹೂಂ ಎನ್ನುತ್ತಾರೆ. ನಾನೂ ಅದೇ ದಾರಿಯಲ್ಲಿ ಉತ್ತರ ಕಳಿಸುತ್ತೇನೆ: "ಏನ್ರೀ, ಜೀಪಿನ ಹೊಗಿಗೆ ನಮ್ಮ ಅಂಗಳದಾಗಿನ ಹಪ್ಪಳ ಎಲ್ಲಾ ಕರ್ರಗ ಆಗ್ಯಾವಂತ ನಿಮ್ಮಣ್ಣಾರಿಗೆ ಹೇಳ್ರಿ." ಅದಕ್ಕೂ ನಮ್ಮವರು ಹೂಂ ಎನ್ನುತ್ತಾರೆ. ತಹಶೀಲ್ದಾರ ಕಚೇರಿಯಲ್ಲಿ ಕೆಲಸ ಮಾಡಿ ಮಾಡಿ, ಎರಡೂ ಕಡೆಯ ಅರ್ಜಿ ತೆಗೆದುಕೊಂಡು ಯಾವುದಕ್ಕೂ ಸಹಿ ಹಾಕದೆ ಕೂಡುವ ವಿದ್ಯೆ ಅವರಿಗೆ ಒಲಿದಿದೆ.

ಇಂಥದ್ದರಲ್ಲಿ ಮುದ್ದೇಬಿಹಾಳದಲ್ಲಿರುವ ನನ್ನ ತಂಗಿಯ ಕುಬಸ, ಎಂದರೆ ಸೀಮಂತ, ಬಂತು. ಬಸುರಿ ಹೆಣ್ಣುಮಗಳಿಗೆ ತವರಿನ ಬುತ್ತಿ ಒಯ್ಯುವ ಕೆಲಸ ಹಿರಿಯಕ್ಕನಾದ ನನ್ನ ಪಾಲಿನದು. ತಂಗಿಗೂ ಅವಳ ಅತ್ತೆಗೂ ಫೋನಿನಲ್ಲಿ "ನನ್ನ ಕಾರ್ ನಾನ ಹೊಡಕೊಂಡು ಬರ್ತೇನಿ" ಎಂದು ಡಂಗುರ ಹೊಡೆದಾಗಿತ್ತು. ನನ್ನ ಅತ್ತೆಯವರು, ಬಸವನ ಬಾಗೇವಾಡಿ ಮೇಲೆ ಹಾಯ್ದು ಗುಡಿಯಲ್ಲಿ ಕಾಯಿ ಒಡೆಸಿಯೇ ಮುಂದೆ ಹೋಗಬೇಕು ಎಂದರು. ದಾರಿ ಸ್ವಲ್ಪ ಸುತ್ತಾದರೂ ಭರ್ತಿ ಚಾರ್ಜಿದ್ದರೆ ಆರಾಮಾಗಿ ಹೋಗಿಬರಬಹುದು. ಹಿಂದಿನ ದಿನ ಕಾಲೇಜಿಗೆ ರಜೆ ಹಾಕಿ, ಕರ್ಚಿಕಾಯಿ ಕರಿದಿಟ್ಟು, ರೊಟ್ಟಿ ಬುಟ್ಟಿಗೆ ಅರಿವೆ ಕಟ್ಟಿ, ಕಾರಿಗೆ ವೈರು ಚುಚ್ಚಿದೆ. ಹಸಿರು ದೀಪ ಹತ್ತಬೇಕಾದಲ್ಲಿ ಕೆಂಪು ದೀಪ ಹತ್ತಿತು. ಕಿತ್ತು ಮತ್ತೆ ಚುಚ್ಚಿದೆ, ಕೆಂಪು. ಗದರಿಸಿ ಚುಚ್ಚಿದೆ, ಕೆಂಪು. ಒಳಗೆ ಉಳಿದಿದ್ದ ಚಾರ್ಜು ಹಿಪ್ಪರಗಿ ಮುಟ್ಟಿದರೆ ಪುಣ್ಯ. ಬಿಜಾಪುರಕ್ಕೆ ಹೋಗಿ ಹಾಕಿಸಿಕೊಂಡು ಬರೋಣವೆಂದರೆ ಅಲ್ಲಿಯವರೆಗೂ ಸಾಲದು. ಮರುದಿನ ನನ್ನ ಗತಿ ಏನಾಗುತ್ತದೆಂದು ಕಣ್ಣಿಗೆ ಕಟ್ಟಿತು: ಭಾವನವರ ಜೀಪಿನ ಹಿಂದಿನ ಸೀಟು, ತೊಡೆಯ ಮೇಲೆ ರೊಟ್ಟಿ ಬುಟ್ಟಿ, ಮುದ್ದೇಬಿಹಾಳ ಬರುವ ತನಕ ಮುಂದಿನ ಸೀಟಿನಿಂದ "ತಮ್ಮಾ, ನಾ ಆವತ್ತ ಹೇಳಿದ್ದೆ ಇಲ್ಲೋ?" ಏನಾದರೂ ಆಗಲಿ, ಆ ಜೀಪು ಮಾತ್ರ ಹತ್ತುವುದಿಲ್ಲ ಎಂದು ಹಟ ಹಿಡಿದೆ.

ಮೊದಲು ಕಾರಿನ ಕಂಪನಿಗೆ ಫೋನ್ ಮಾಡಿದೆ. ಬಹಳ ಹೊತ್ತು ವಾದ್ಯ ಕೇಳಿಸಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು. "ಮೇಡಂ, ನಿಮ್ಮ ಮನೆಯ ಅರ್ಥಿಂಗ್ ಸರಿಯಿದೆಯಾ ಅಂತ ಒಂದ್ಸಲ ನೋಡ್ತೀರಾ ಪ್ಲೀಸ್?" ಎಂದಳು. ಸಿಟ್ಟು ನೆತ್ತಿಗೇರಿತು. ದಾರಿ ತಪ್ಪಿದ ಕರೆಂಟು ಮನುಷ್ಯರ ಮೈಮೇಲೆ ಬರದೆ ನೆಲಕ್ಕೆ ಇಳಿದು ಹೋಗಲೆಂದು ಮಾಡುವ ವ್ಯವಸ್ಥೆಗೆ ಅರ್ಥಿಂಗ್ ಎನ್ನುತ್ತಾರೆ, ಅದನ್ನು ವರ್ಷಾ ವರ್ಷ ಪಾಠ ಮಾಡುವವಳು ನಾನು. ಕಾರು ಬಂದಾಗ ನಾನೇ ಎದುರಿಗೆ ನಿಂತು ಅಂಗಳದ ಮೂಲೆಯಲ್ಲಿ ಕುಣಿ ತೋಡಿಸಿ, ಅದರಲ್ಲಿ ಹಾಕಬೇಕಾದ್ದನ್ನೆಲ್ಲ ಹಾಕಿಸಿ, ಮೇಲೊಂದು ಹಾಸುಗಲ್ಲು ಮುಚ್ಚಿಸಿದ್ದೆ. "ನೋಡವಾ, ನಾ ಫಿಸಿಕ್ಸ್ ಲೆಕ್ಚರರ್ ಅದೇನಿ. ಅರ್ಥಿಂಗ್ ಬಿಟ್ಟು ಬ್ಯಾರೆ ಏನರ ಇದ್ರ ಹೇಳು" ಎಂದೆ. ಬೇರೆ ಏನೂ ಇಲ್ಲ ಮೇಡಂ ಎಂದಳು. ಫೋನ್ ಕುಕ್ಕಿದೆ. ಅಂಗಳದ ಮೂಲೆಗೆ ಹೋಗಿ ಕಲ್ಲೆತ್ತಿ ನೋಡಲು ಬಸ್ಸೇನೂ ಹಿಡಿಯಬೇಕಾಗಿರಲಿಲ್ಲ. ಆದರೆ ತಾನೇ ಮಾಡಿಸಿದ್ದನ್ನು ತಾನೇ ಅನುಮಾನಿಸುವ ಪದ್ಧತಿ ನಮ್ಮ ಮಾಸ್ತರಿಕೆಯಲ್ಲಿಲ್ಲ. ಬದಲಿಗೆ ದೇವರ ಮನೆಗೆ ಹೋಗಿ ಎಲ್ಲ ದೇವರಿಗೂ ವಿಭೂತಿ ಎಳೆದು, ಕಾರು ಸುಧಾರಿಸಲಿ ಎಂದು ಬೇಡಿಕೊಂಡು ಬಂದೆ.

ಅಷ್ಟರಲ್ಲಿ ನಮ್ಮವರು ಎಲೆಕ್ಟ್ರಿಷಿಯನ್ ಮಹಾಂತೇಶನನ್ನು ಕರೆತಂದರು. ಅವನು ಕಾರನ್ನು ಒಂದು ಸುತ್ತು ಹಾಕಿ, ಬಾಗಿ ಅಡಿಯನ್ನು ನೋಡಿ, "ಅಕ್ಕಾರ, ಇದು ಪ್ಲಗ್ಗಿಂದು ನೋಡ್ರಿ" ಎಂದು ಹೊಸ ಪ್ಲಗ್ಗು ಕೂರಿಸಿದ. ಕೆಂಪು. "ಹಂಗಾರ ಸ್ವಿಚ್ಚಿಂದ್ರಿ" ಎಂದು ಸ್ವಿಚ್ಚು ಬದಲಿಸಿದ. ಕೆಂಪು. "ಹಂಗಾರ ಕಾರಿಂದ ಇರಬೇಕ್ರಿ" ಎಂದು ಕೈ ಒರೆಸಿಕೊಂಡ. ಸುದ್ದಿ ಹಬ್ಬಿ ಅಂಗಳ ತುಂಬಿತು. ಎದುರುಮನೆಯ ಗುರಪ್ಪಜ್ಜ, ಬಿಸಿಲಿಗೆ ಬ್ಯಾಟರಿ ಒಣಗಿದೆ, ಹಸಿ ಗೋಣಿಚೀಲ ಹೊದಿಸಬೇಕು ಎಂದರು. ನನ್ನ ವಿದ್ಯೆಯೆಲ್ಲ "ಅದು ಹಂಗಲ್ರಿ ಅಜ್ಜಾರ" ಎನ್ನುವಷ್ಟರಲ್ಲಿ ನಮ್ಮವರು ಹೂಂ ಎಂದು ಗೋಣಿಚೀಲ ನೆನೆಸಿ ತಂದೇ ಬಿಟ್ಟರು. ನನ್ನ ಚೆಂದದ ಬಿಳಿ ಕಾರು ಜ್ವರ ಬಂದ ಎಮ್ಮೆಯ ಹಾಗೆ ಹಸಿ ಚೀಲ ಹೊದ್ದುಕೊಂಡು ನಿಂತಿತು. ಇನ್ನೊಬ್ಬರಾರೋ ದಬ್ಬಿದರೆ ಸುರುವಾಗುತ್ತದೆ ಎಂದರು; ದಬ್ಬಿಯೂ ನೋಡಿದರು. ಸರಿಯಾಗಿ ಅದೇ ಹೊತ್ತಿಗೆ ಭಾವನವರು ಬಂದರು. ಚೀಲ ನೋಡಿದರು, ದೀಪ ನೋಡಿದರು, ಮೀಸೆಯಲ್ಲೇ ನಕ್ಕರು. "ತಮ್ಮಾ, ಜೀಪ್ ತೊಳಿಸಿ ನಿಲ್ಲಿಸೇನಿ. ಹಿಂದಿನ ಸೀಟೂ ಝಾಡಿಸೇನಿ ಅಂತ ಹೇಳು." ನಮ್ಮವರು ನನ್ನ ಮುಖ ನೋಡಿ, ಹುಟ್ಟಿದಾಗಿನಿಂದ ಮೊದಲ ಸಲ ಹೂಂ ಎನ್ನದೆ ಸುಮ್ಮನಿದ್ದರು.

ಆಗ ಒಳಗಿನಿಂದ ಅತ್ತೆಯವರು ಬಂದರು. ಕಾರು ಬರುವ ಮೊದಲೇ ಅವರು ಇಂಡಿ ಊರಿನ ಮಗಳ ಮನೆಗೆ ಹೋಗಿ, ಬಹಳ ದಿನ ಇದ್ದು ಹೋದ ವಾರವಷ್ಟೇ ಮರಳಿದ್ದರು. ಮಂದಿಯನ್ನೆಲ್ಲ ಸರಿಸಿ, ಸೊಂಟದ ಮೇಲೆ ಕೈಯಿಟ್ಟು ನಿಂತು, "ಇದು ಕರೆಂಟಿಂದ ಅಲ್ಲ, ಪ್ಲಗ್ಗಿಂದೂ ಅಲ್ಲ. ಇದು ಮಾಟ. ಮನ್ಯಾಗಿನವರು ಹೆದರತಾರಂತ ನಾ ಬಾಯಿ ಬಿಟ್ಟಿದ್ದಿಲ್ಲ. ನಿನ್ನೆನ ತಗದು ಒಗದೇನಿ, ಆದ್ರೂ ಇನ್ನಾ ಬಿಟ್ಟಿಲ್ಲ ನೋಡು" ಎಂದರು.

"ಏನ ತಗದು ಒಗದ್ರಿ ಅತ್ತೀ?" ಎಂದೆ.

"ದಾಸಾಳ ಗಿಡ ಹಚ್ಚಬೇಕಂತ ಮೂಲ್ಯಾಗಿನ ಹಾಸುಗಲ್ಲ ಎತ್ತಿದ್ನೆವಾ, ಎದಿ ಝಲ್ಲಂತು. ಯಾರೋ ಪಾಪಿಗೋಳು ಹುಗದ ಹೋಗ್ಯಾರ. ಉಪ್ಪು! ಇದ್ದಲಿ! ನಡುವ ತಾಮ್ರದ ಸಳಿ! ಸಳಿಗೆ ಹಸರ ದಾರ ಬ್ಯಾರೆ ಸುತ್ಯಾರ! ಕುಡಗೋಲಲೆ ದಾರ ಕಡದೆ. ಉಪ್ಪು ಇದ್ದಲಿ ಬುಟ್ಟ್ಯಾಗ ತುಂಬಿ ಹಳ್ಳಕ್ಕ ಒಗದು, ಹೊಳ್ಳಿ ನೋಡಲಾರದಂಗ ಬಂದು ತಲಿ ಮ್ಯಾಲೆ ನೀರ ಹಾಕ್ಕೊಂಡೆ. ತಾಮ್ರ ಒಗೀಬಾರದಂತ ಸಳಿ ಅಷ್ಟ ಹುಣಸಿಹಣ್ಣ ಹಚ್ಚಿ ತಿಕ್ಕಿ ದೇವರ ಮುಂದ ಇಟ್ಟೇನಿ."

ದೇವರ ಮನೆಯ ಮೂಲೆಯಲ್ಲಿ ಫಳಫಳ ಹೊಳೆಯುವ ಕೋಲೊಂದು ನಿಂತಿದ್ದನ್ನು ಬೆಳಗ್ಗೆ ನಾನೂ ನೋಡಿದ್ದೆ. ಅತ್ತೆ ಇಂಡಿಯಿಂದ ತಂದ ಯಾವುದೋ ದೇವರ ಬೆತ್ತವಿರಬೇಕು ಎಂದುಕೊಂಡು ಅದಕ್ಕೂ ವಿಭೂತಿ ಎಳೆದಿದ್ದೆ. ಕಾರಿನ ಅರ್ಥಿಂಗ್ ಸಳಿಯ ಮುಂದೆ ನಿಂತು, ಎರಡೂ ಕೈ ಜೋಡಿಸಿ, ನನ್ನ ಕಾರಿಗೆ ಏನಾಗಿದೆ ತಂದೆ ಎಂದು ಕೇಳಿದ ಭೌತಶಾಸ್ತ್ರದ ಉಪನ್ಯಾಸಕಿ ನಾನು. ಪಾಪ, ಅದು ತಾನೇ ಏನು ಹೇಳೀತು.

"ಅತ್ತೀ, ಅದು ಮಾಟ ಅಲ್ರಿ. ನಾನ ಹುಗಿಸಿದ್ದು" ಎಂದೆ. ಎನ್ನಬಾರದಿತ್ತು. ಹೋಗಲೆಂದು ಚಪ್ಪಲಿ ಹಾಕಿಕೊಂಡಿದ್ದವರು ಚಪ್ಪಲಿ ಬಿಟ್ಟು ವಾಪಸ್ಸು ಬಂದರು. "ನೀನ ಹುಗಿಸಿಯೇನ? ಅತ್ತಿ ಊರಾಗಿಲ್ಲದ್ದ ನೋಡಿ, ಮನಿ ಮುಂದ, ನೀನ?" ಎಂದು ಅತ್ತೆಯವರು ಎದೆಯ ಮೇಲೆ ಕೈಯಿಟ್ಟುಕೊಂಡರು. ನಾನು ಗಡಬಡಿಸಿ ಪಾಠ ಸುರುಮಾಡಿದೆ. ಉಪ್ಪು, ಇದ್ದಿಲು ಹಸಿ ಹಿಡಿದಿಡುತ್ತವೆ, ನಮ್ಮ ಒಣ ಎರೆಮಣ್ಣಿನಲ್ಲಿ ಅದಿಲ್ಲದಿದ್ದರೆ ನಡೆಯುವುದಿಲ್ಲ, ಕಾರು ಬಹಳ ಸೂಕ್ಷ್ಮ, ನೆಲದ ಸಂಬಂಧ ತಪ್ಪಿದರೆ ಕರೆಂಟು ಮುಟ್ಟುವುದಿಲ್ಲ, ದಾರಿ ತಪ್ಪಿದ ಕರೆಂಟು ಆ ಸಳಿಯ ಮೂಲಕ ನೆಲಕ್ಕೆ ಹೋಗುತ್ತದೆ ಎಂದೆಲ್ಲ ಹೇಳಿದೆ. ಅತ್ತೆಯವರು ಪೂರ್ತಿ ಕೇಳಿ, "ಅಂದ್ರ ಮನ್ಯಾಗ ಬಂದ ಲಕ್ಷ್ಮಿ ನೆಲದಾಗ ಇಳದು ಹೋಗ್ಲಿ ಅಂತ ಹಾದಿ ಮಾಡಿ ಕೊಟ್ಟಿ. ನನ್ನ ಜೀವ ಇರೂತನಕ ಈ ಅಂಗಳದಾಗ ಉಪ್ಪು ಇದ್ದಲಿ ಹುಗಿಯಾಕ ಬಿಡಂಗಿಲ್ಲ" ಎಂದು ಹೋಗಿ ಅದೇ ಹಾಸುಗಲ್ಲಿನ ಮೇಲೆ ಕುಳಿತುಬಿಟ್ಟರು. ಭಾವನವರು ಗಂಟಲು ಸರಿಮಾಡಿಕೊಂಡರು. "ತಮ್ಮಾ, ಮುಂಜಾನಿ ಲಗೂನ ತಯಾರಾಗ್ರಿ ಅಂತ ಹೇಳು. ಹಿಂದಿನ ಸೀಟಿನ ಸ್ಪಂಜ ಕಿತ್ತೈತಿ, ಒಂದ ದಿಂಬ ತರ್ರಿ."

ಆ ದಿಂಬಿನ ಮಾತಿಗೆ ನನ್ನೊಳಗಿನ ವಿಜ್ಞಾನ ಸತ್ತುಹೋಯಿತು. ಅತ್ತೆಯವರ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕುಳಿತು, ದನಿ ಇಳಿಸಿ ಹೇಳಿದೆ: "ಅತ್ತೀ, ಮಂದಿ ಮುಂದ ಹೇಳಬಾರದಂತ ಹಂಗ ಅಂದ್ನಿರಿ. ಖರೇ ಅಂದ್ರ ಅದು ಮಾಟ ತಗಿಯೂ ಕುಣಿ. ಮನಿ ಮ್ಯಾಲೆ, ಕಾರಿನ ಮ್ಯಾಲೆ ಯಾರ ಕೆಟ್ಟ ಕಣ್ಣಿನ ನದರ ಬಿದ್ರೂ ಆ ಸಳಿ ಜಗ್ಗಿ ಭೂಮ್ಯಾಗ ಇಳಸತೈತ್ರಿ." ಕೂತು ಯೋಚಿಸಿದರೆ ಇದು ಪೂರ್ತಿ ಸುಳ್ಳೂ ಅಲ್ಲ. ಪುಸ್ತಕದಲ್ಲಿ ಕರೆಂಟು ಎಂದಿರುವ ಕಡೆ ನದರು ಎಂದೆ, ಅಷ್ಟೆ.

ಅತ್ತೆಯವರ ಮುಖ ಅರಳಿತು. "ಇದನ್ನ ಮೊದಲ ಹೇಳಬಾರದೇನ, ಹುಚ್ಚಿ! ಒಂದ ಬುಟ್ಟಿ ಉಪ್ಪ ಹಳ್ಳಕ್ಕ ಹೊತ್ನೆಲ್ಲಾ!" ಎಂದು ಎದ್ದರು. ಆಮೇಲೆ ಕಣ್ಣು ಸಣ್ಣ ಮಾಡಿ, "ಹಂಗಾರ ನದರು ಯಾರದು?" ಎಂದರು. ದೇವರಾಣೆ, ನಾನು ಯಾರ ಹೆಸರೂ ಹೇಳಲಿಲ್ಲ. ಕಣ್ಣು ಮಾತ್ರ ತಾನೇ ತಾನಾಗಿ ಭಾವನವರ ಕಡೆ ಹೋಯಿತು. ಅದರ ಹಿಂದೆ ಅಂಗಳದಲ್ಲಿದ್ದವರ ಕಣ್ಣೆಲ್ಲ ಹೋದವು. ನಾನು ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಭಾವನವರು ಮೊಟ್ಟಮೊದಲ ಬಾರಿಗೆ ನನ್ನ ಜೊತೆ ನೇರವಾಗಿ ಮಾತಾಡಿದರು: "ನಾ ಯಾವಾಗ ನೋಡೇನವಾ ನಿನ್ನ ಕಾರ್?" ಅತ್ತೆಯವರು ಬಿಡಲಿಲ್ಲ. "ದಿನಾ ಬಂದು ಕಣ್ಣ ಕಿಸಿದು ನೋಡಾವ ನೀನ. ನಡಿ, ನಿನ್ನ ಕೈಲೆನ ಉಪ್ಪು ಇದ್ದಲಿ ತಗೊಂಡು ಬಾ." ಅವರು ಹೆತ್ತ ತಾಯಿ, ಭಾವನವರು ತಾನೇ ಏನು ಮಾಡಿಯಾರು. ಡೀಸೆಲ್ ಜೀಪು ದಡದಡ ಸದ್ದು ಮಾಡುತ್ತ ಪೇಟೆಗೆ ಹೋಗಿ ನನ್ನ ಕರೆಂಟಿನ ಕಾರಿಗೆ ಉಪ್ಪು ಹೊತ್ತು ತಂದಿತು. ಮಹಾಂತೇಶ ಸಳಿ ನಿಲ್ಲಿಸಿ ಹಸಿರು ವೈರು ಜೋಡಿಸಿದ. ಸಳಿಯ ಮೇಲಿನ ವಿಭೂತಿ ಒರೆಸಲು ಅತ್ತೆಯವರು ಬಿಡಲಿಲ್ಲ. ಭಾವನವರು ಅವರ ಕಣ್ಗಾವಲಿನಲ್ಲಿ ಇದ್ದಿಲು ಸುರಿದು, ಕೊಡ ನೀರು ಹಾಕಿ, ಕಾರಿಗೆ ನಿಂಬೆಹಣ್ಣು ಇಳಿಸಿದರು. ಸಂಜೆ ಹೊತ್ತು ಮುಳುಗುವ ಮೊದಲು ವೈರು ಚುಚ್ಚಿದೆ. ಹಸಿರು ದೀಪ ಹತ್ತಿತು. "ಹೋತು ನೋಡು ನದರು" ಎಂದು ಅತ್ತೆಯವರು ಲಟಿಕೆ ಮುರಿದರು. ನನಗೆ ಕುಣಿಯುವಷ್ಟು ಖುಷಿಯಾಗಿತ್ತು.

ಮರುದಿನ ಅತ್ತೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬಾಗೇವಾಡಿಯಲ್ಲಿ ಕಾಯಿ ಒಡೆಸಿ, ಮುದ್ದೇಬಿಹಾಳಕ್ಕೆ ರಾಣಿಯ ಹಾಗೆ ಕಾರು ಹೊಡೆದುಕೊಂಡು ಹೋದೆ. ಎಲ್ಲರಿಗೂ ಕಾಣಲೆಂದು ತಂಗಿಯ ಮನೆಯ ಬಾಗಿಲಿಗೇ ತಂದು ನಿಲ್ಲಿಸಿದೆ. ತಂಗಿಗೆ ಹಸಿರು ಸೀರೆ ಉಡಿಸಿ, ಬಳೆ ಇಡಿಸಿ, ಆರತಿ ಮಾಡುವಷ್ಟರಲ್ಲಿ ನನ್ನ ಅತ್ತೆಯವರು ಅಲ್ಲಿ ಕೂಡಿದ್ದ ಹೆಂಗಸರಿಗೆಲ್ಲ ಕತೆ ಹೇಳಿ ಮುಗಿಸಿದ್ದರು. ಕಾರಿನ ಬಗ್ಗೆ ಒಬ್ಬರೂ ಕೇಳಲಿಲ್ಲ. ಊಟಕ್ಕೆ ಕುಳಿತಾಗ ನನ್ನ ಸುತ್ತ ಹೆಂಗಸರ ಗುಂಪೇ ಸೇರಿತು. ಒಬ್ಬಾಕೆಯ ಮಗನ ಲಗ್ನ ಕೂಡಿ ಬರುತ್ತಿರಲಿಲ್ಲ, ಇನ್ನೊಬ್ಬಾಕೆಯ ಹಿಟ್ಟಿನ ಗಿರಣಿ ನಡೆಯುತ್ತಿರಲಿಲ್ಲ. ಎಲ್ಲರ ಹಿಂದಿನಿಂದ ಒಬ್ಬ ಮುದುಕಿ ನುಗ್ಗಿ ಬಂದು ನನ್ನ ಕೈ ಹಿಡಿದುಕೊಂಡಳು. "ಅಕ್ಕಾರ, ನಮ್ಮಲ್ಲಿ ಕಾರ್ ಇಲ್ರಿ, ಎಮ್ಮಿ ಐತಿ. ಹಾಲ ಕೊಡಾಕ ಒಲ್ಲೆ ಅನ್ನಾಕತ್ತೈತಿ. ಅದಕ್ಕ ಎಷ್ಟ ಉಪ್ಪ ಹುಗೀಬೇಕ್ರಿ?"

ನಿಜ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಆಕೆಯ ಪಕ್ಕದಲ್ಲೇ ಅತ್ತೆಯವರು, ನನ್ನ ಸೊಸೆ ಹೇಗೆ ಹೇಳುತ್ತಾಳೆ ನೋಡಿ ಎಂಬಂತೆ ಗದ್ದ ಎತ್ತಿ ಕುಳಿತಿದ್ದರು. ಇಲ್ಲಿ ನಾನು ನಿಜ ಹೇಳಿದರೆ ನಾಳೆ ಆ ಉಪ್ಪು ಮತ್ತೆ ಹಳ್ಳದ ಪಾಲು, ನಾನು ಜೀಪಿನ ಹಿಂದಿನ ಸೀಟಿನ ಪಾಲು. ಸೆರಗು ಸರಿಮಾಡಿಕೊಂಡೆ. ಕಾಲೇಜಿನಲ್ಲಿ ಪಾಠ ಮಾಡುವ ಅದೇ ದನಿಯಲ್ಲಿ ಹೇಳಿದೆ:

"ಎಮ್ಮಿಗೆ ಎರಡು ಬೊಗಸಿ ಸಾಕ್ರಿ. ದಿನಾ ನೀರ ಹಾಕ್ರಿ. ಹಸರ ದಾರ ಮಾತ್ರ ಎಮ್ಮಿಗೆ ಕಟ್ಟಬ್ಯಾಡ್ರಿ."