ದಿಮ್ಮಿಯೊಳಗಿನ ಕೊಕ್ಕೆ

ವರ್ಲಿನ್ ಹ್ಯಾಸ್ಕಿನ್ಸ್‌ನ ಜಗಲಿಯ ಮುಂದೆ ಎಂಟಡಿ ಉದ್ದದ ಮೇಪಲ್ ದಿಮ್ಮಿಯೊಂದು ಏಪ್ರಿಲ್ ತಿಂಗಳಿನಿಂದ ಮೆಲುಕು ಹಾಕುವ ಹಸುವಿನ ಹಾಗೆ ಮಲಗಿತ್ತು. ಅಕ್ಟೋಬರಿನ ಒಂದು ಶನಿವಾರ ಬೆಳಿಗ್ಗೆ ಅದರ ಅಡಿಯಿಂದ ಬೆಕ್ಕಿನಷ್ಟು ದೊಡ್ಡ ಸ್ಕಂಕ್ ಪ್ರಾಣಿಯೊಂದು ಹೊರಬಂದು, ಬಾಲವೆತ್ತಿ, ಅವನ ಹೆಂಡತಿ ಆರ್ಡಿತ್‌ಳ ಹೊಸ ಕೋಟಿಗೆ ತನ್ನಲ್ಲಿದ್ದ ನಾತವನ್ನೆಲ್ಲ ಧಾರೆಯೆರೆಯಿತು.

"ಆರು ತಿಂಗಳಿಂದ ಬಡ್ಕೊತಿದೀನಿ," ಆರ್ಡಿತ್ ಕೋಟನ್ನು ಬೇಲಿಯ ಮೇಲೆ ಎಸೆದಳು. "ಸಂಜೆ ಆರಕ್ಕೆ ನಾನು ಚರ್ಚಿಂದ ಬರೋ ಹೊತ್ತಿಗೆ ಈ ಮನೇಲಿ ಒಂದೋ ದಿಮ್ಮಿ ಇರ್ಬೇಕು, ಇಲ್ಲ ನಾನಿರ್ಬೇಕು. ಅಷ್ಟಕ್ಕೂ ಇದನ್ನ ಯಾಕೆ ಇಟ್ಕೊಂಡಿದೀಯ?"

"ಒಳ್ಳೇ ಮರ," ಅಂದ ವರ್ಲಿನ್.

"ಒಳ್ಳೇ ಮರವಂತೆ!" ಆಕೆ ಹಳೆಯ ಕೋಟು ತೊಟ್ಟು, ಇನ್ನೂರು ಜನರಿಗೆ ಬೀನ್ಸ್ ಬೇಯಿಸಲು ಚರ್ಚಿಗೆ ಹೊರಟುಹೋದಳು.

ನಿಜವಾದ ಕಾರಣ ಬೇರೆಯೇ ಇತ್ತು. ನಲವತ್ತು ವರ್ಷದ ಹಿಂದೆ ಇದು ಆರ್ಡಿತ್‌ಳ ಅಪ್ಪನ ಮನೆ. ರಸ್ತೆಯಿಂದ ಮನೆಗೆ ಬರುವ ದಾರಿಯ ಎರಡು ಪಕ್ಕದಲ್ಲೂ ಒಂದೊಂದು ಮೇಪಲ್ ಮರ ಕಾವಲು ನಿಂತಿತ್ತು. ಎಡಗಡೆಯ ಮರದ ಕೆಳಗೆ ಒಂದು ರಾತ್ರಿ ವರ್ಲಿನ್ ಅವಳನ್ನು ಮದುವೆಗೆ ಕೇಳಿದ್ದ. ಕೈಯಲ್ಲಿ ಲಾಟೀನಿತ್ತು. ಉಂಗುರ ತೊಡಿಸಲು ಎರಡು ಕೈಯೂ ಬೇಕಲ್ಲ, ಜೇಬಿನಲ್ಲಿದ್ದ ಕಬ್ಬಿಣದ ಕೊಕ್ಕೆಯೊಂದನ್ನು ಕಲ್ಲಿನಿಂದ ಮರಕ್ಕೆ ಹೊಡೆದು ಲಾಟೀನನ್ನು ತೂಗುಹಾಕಿದ್ದ. ಹೊಡೆಯಲು ಎಷ್ಟು ಹೊತ್ತು ಹಿಡಿಯಿತೆಂದರೆ, ಅವನು ಬಾಯಿ ತೆರೆಯುವ ಮೊದಲೇ ಆಕೆ, "ಆಯ್ತು, ಒಪ್ಪಿದೀನಿ, ಚಳಿ ಆಗ್ತಿದೆ," ಅಂದಿದ್ದಳು.

ಈ ಏಪ್ರಿಲ್‌ನ ಗಾಳಿಗೆ ಎಡಗಡೆಯ ಮರ ಉರುಳಿತ್ತು. ಅದರ ಹಲಗೆಯಿಂದ ಊಟದ ಮೇಜು ಮಾಡಿಸಿ ಆರ್ಡಿತ್‌ಳನ್ನು ಬೆರಗುಗೊಳಿಸಬೇಕೆಂಬುದು ವರ್ಲಿನ್‌ನ ಗುಟ್ಟು. ಮೂವತ್ತಮೂರು ವರ್ಷ ಊರಿಗೆಲ್ಲ ಕಾಗದ ಹಂಚಿದವನಿಗೆ ಗುಟ್ಟು ಕಾಯುವುದೇನು ಹೊಸದಲ್ಲ. ಎದುರುಮನೆಯ ಬರ್ನಡೀನ್‌ಗೆ ಮಾತ್ರ ಹೇಳಿದ್ದ. ಹಾಗಾಗಿ ಆರ್ಡಿತ್ ಒಬ್ಬಳನ್ನು ಬಿಟ್ಟು ಊರಿಗೆಲ್ಲ ಗೊತ್ತಿತ್ತು. ಆ ರಾತ್ರಿಗೆ ನಲವತ್ತು ವರ್ಷ ತುಂಬುವುದು ಇವತ್ತೇ. ಮೇಜು ಆಗದಿದ್ದರೂ ಸಂಜೆಗೆ ಹಲಗೆಯನ್ನಾದರೂ ತೋರಿಸಬೇಕು.

ದಿಮ್ಮಿ ಎಳೆಯಲು ಟ್ರ್ಯಾಕ್ಟರ್ ಬೇಕು. ಟ್ರ್ಯಾಕ್ಟರ್ ಇದ್ದದ್ದು ಸೌದೆ ಮಾರುವ ಹೋಯ್ಟ್‌ನ ಹತ್ತಿರ. ಅವನು ಬಂದು ದಿಮ್ಮಿಯನ್ನು ನೋಡಲೇ ಇಲ್ಲ, ಬಲಗಡೆ ಉಳಿದಿದ್ದ ಮೇಪಲ್ಲನ್ನೇ ನೋಡಿದ.

"ಅದು ಅರ್ಧ ಸತ್ತಿದೆ ಕಣೋ. ಮುಂದಿನ ಹಿಮಕ್ಕೆ ನಿನ್ನ ಕಾಗದದ ಡಬ್ಬಿ ಮೇಲೇ ಬೀಳತ್ತೆ. ಅದನ್ನ ಸೌದೆಗೆ ನಂಗೆ ಬಿಟ್ಟುಬಿಡು, ಇದನ್ನ ಎಳ್ಕೊಡ್ತೀನಿ."

"ತಗೊ ಮಾರಾಯ, ಇವತ್ತೇ ಕಡಿ," ಅಂದ ವರ್ಲಿನ್.

"ಕಬ್ಬಿಣ ಗಿಬ್ಬಿಣ ಇದೆಯೇನೋ ಒಳಗೆ? ಮೊನ್ನೆ ತಾನೆ ಗರಗಸಕ್ಕೆ ಹೊಸ ಚೈನ್ ಹಾಕಿದೀನಿ."

"ಅದ್ರಲ್ಲಿ ಒಂದು ಗುಂಡುಸೂಜೀನೂ ಇಲ್ಲ. ನಂದು ಗ್ಯಾರಂಟಿ."

ಹೋಯ್ಟ್ ದಿಮ್ಮಿಯನ್ನು ಎಳೆದು ತಂದು ಇಳಿಸಿದ್ದು ಗುಡ್ಡದ ಆಚೆಯ, ಓಡೀಲ್ ಗಾನ್ಯೋಳ ಮರ ಕೊಯ್ಯುವ ಅಂಗಳದಲ್ಲಿ. ವಯಸ್ಸು ಎಪ್ಪತ್ತೊಂದು, ಆಳು ಒಂದು ಮುಷ್ಟಿ. ಆದರೆ ಕಬ್ಬಿಣದ ಸನ್ನೆಗೋಲು ಹಿಡಿದರೆ ಅರ್ಧ ಟನ್ನಿನ ದಿಮ್ಮಿಯನ್ನು ತೊಟ್ಟಿಲ ಮಗುವಿನ ಹಾಗೆ ಮಗ್ಗುಲು ಬದಲಿಸುತ್ತಿದ್ದಳು. ದೊಡ್ಡ ಸಾಮಿಲ್‌ನವರು ಮೂಸಿಯೂ ನೋಡದ ಮರಗಳೆಲ್ಲ ಅವಳಲ್ಲಿಗೆ ಬರುತ್ತಿದ್ದವು: ಅಜ್ಜನ ಸೇಬಿನ ಮರ, ಮಗಳ ಉಯ್ಯಾಲೆ ಕಟ್ಟಿದ ಓಕ್, ನಾಯಿಯನ್ನು ಹೂಳಿದ ಜಾಗದ ಬರ್ಚ್. ಮೂರಡಿಯ ತುಂಡಾದರೂ ಸರಿ, ಉದ್ದ ಹಲಗೆಗೆ ಬಿಗಿದು ಕೊಯ್ದುಕೊಡುತ್ತಿದ್ದಳು.

"ಅಂಗಳದ ಮರವೋ?" ಅವಳು ಮೂಗು ಸೊಟ್ಟ ಮಾಡಿದಳು. "ಕಾಡಿನ ಮರ ಬರೀ ಮರ. ಅಂಗಳದ ಮರ ಅಂದ್ರೆ ಮೊಳೆ ಅಂಗಡಿ. ಗೋಡೆ ನೋಡಿದೀಯಲ್ಲ?"

ನೋಡದವರು ಯಾರು! ಕೊಟ್ಟಿಗೆಯ ಗೋಡೆಯ ತುಂಬ ಮುರಿದ ಗರಗಸದ ಪಟ್ಟಿಗಳು ನೇತಾಡುತ್ತಿದ್ದವು. ಪ್ರತಿಯೊಂದರ ಕೆಳಗೂ ಕೆಂಪು ಬಣ್ಣದಲ್ಲಿ ದಿಮ್ಮಿ ತಂದವನ ಹೆಸರು. ಮುರಿದ ಪಟ್ಟಿಗೆ ಓಡೀಲ್ ಕಾಸು ಕೇಳುತ್ತಿರಲಿಲ್ಲ, ಹೆಸರು ಬರೆಯುತ್ತಿದ್ದಳು. ಒಳಗೆ ಕಬ್ಬಿಣ ಇದೆಯೆಂದು ಮೊದಲೇ ಹೇಳಿದರೆ ತಪ್ಪು ಅವಳದು; ಹೇಳದಿದ್ದರೆ ಗೋಡೆ. ಪಾದ್ರಿಯ ಹೆಸರೇ ಎರಡು ಸಲ ಇತ್ತು.

"ಒಂದೇ ಒಂದು ಕೊಕ್ಕೆ ಇದೆ," ವರ್ಲಿನ್ ಎದೆಯ ಮಟ್ಟ ತೋರಿಸಿದ. "ಇಷ್ಟೆತ್ತರದಲ್ಲಿ. ನಾನೇ ಹೊಡೆದದ್ದು. ಬೇರೇನಿಲ್ಲ, ಆಣೆ."

ಲೋಹ ಪತ್ತೆ ಮಾಡುವ ಕೋಲನ್ನು ದಿಮ್ಮಿಯ ಮೇಲೆ ಆಡಿಸಿದ್ದೇ ತಡ, ಅದು ಹಸಿದ ಕೂಸಿನ ಹಾಗೆ ಕಿರುಚತೊಡಗಿತು. ಒಂದಲ್ಲ, ಎರಡಲ್ಲ, ಹನ್ನೊಂದು ಮೊಳೆ. ತನ್ನ ಪಿಕಪ್‌ನಲ್ಲಿ ಹಿಂದೆಯೇ ಬಂದಿದ್ದ ಬರ್ನಡೀನ್, ಓಡೀಲ್ ಕಿತ್ತ ಒಂದೊಂದನ್ನೂ ಅಂಗೈಯಲ್ಲಿಟ್ಟು ನೋಡಿದಳು.

"ಇದು ಹರಾಜಿನ ನೋಟೀಸಿಂದು. ಇದು ಚುನಾವಣೇದು. ಇದು ಹೋಯ್ಟ್‌ನ ಹಂದಿ ಮಾರಾಟದ ಬೋರ್ಡಿಂದು. ನಿನ್ನ ಮರಕ್ಕೆ ಊರೆಲ್ಲ ಕಾಗದ ಹಾಕಿದೆ ನೋಡು ವರ್ಲಿನ್!"

ಕೊಕ್ಕೆ ಮಾತ್ರ ಸಿಗಲಿಲ್ಲ. ಎದೆಯ ಮಟ್ಟದಲ್ಲಿ ಓಡೀಲ್ ನಾಲ್ಕು ಸಲ ಕೋಲಾಡಿಸಿದಳು. ಉಳಿಯಿಂದ ಕೆತ್ತಿದಳು. ಇಲ್ಲ.

"ತುಕ್ಕು ಹಿಡಿದು ಮಣ್ಣಾಗಿರ್ಬೇಕು," ಅಂದ ವರ್ಲಿನ್. ಅವನ ದನಿಯಲ್ಲಿ ಯಾರೋ ತೀರಿಕೊಂಡಷ್ಟು ದುಃಖವಿತ್ತು.

"ಮೇಪಲ್ ಕಬ್ಬಿಣಾನ ನುಂಗತ್ತೆ, ಅರಗಿಸ್ಕೊಳಲ್ಲ," ಓಡೀಲ್ ಹುಬ್ಬು ಗಂಟಿಕ್ಕಿದಳು. "ಎಷ್ಟು ದಪ್ಪ ಕೊಯ್ಯಲಿ?"

"ಮೂರಂಗುಲ!" ಎಂದಳು ಬರ್ನಡೀನ್. "ಮೇಜು ಅಂದ್ರೆ ಗಟ್ಟಿ ಇರ್ಬೇಕು."

"ಮೂರಂಗುಲ," ಎಂದ ವರ್ಲಿನ್. ಓಡೀಲ್ ತಲೆ ಕೊಡವಿ ಯಂತ್ರದ ಗುಂಡಿ ಒತ್ತಿದಳು.

ಯಂತ್ರ ಗುಂಯ್‌ಗುಟ್ಟಿತು. ಮೊದಲ ಸಿಪ್ಪೆ ಬಿತ್ತು, ಎರಡನೆಯದು ಬಿತ್ತು. ಮೂರನೆಯ ಕೊಯ್ತದ ನಡುವೆ ಠಣ್ ಎಂದು ಸದ್ದಾಗಿ, ಪಟ್ಟಿ ಹಾವಿನಂತೆ ಸುತ್ತಿಕೊಂಡು ಹೊರಬಿತ್ತು. ಗೇಣುದ್ದ ಆಳದಲ್ಲಿ, ಕೋಲಿಗೆ ಎಟುಕದೆ, ಒಂದು ಹಳೆಯ ಚೌಕಮೊಳೆ ಕುಳಿತಿತ್ತು.

"ಅಯ್ಯೋ, ಇದು ನಂದೇ!" ಬರ್ನಡೀನ್ ಹಳೆಯ ಗೆಳತಿಯನ್ನು ಕಂಡಂತೆ ಹಿಗ್ಗಿದಳು. "ನನ್ನ ಬೆಕ್ಕು ಕಳೆದಾಗ ಚೀಟಿ ಹೊಡೆದಿದ್ನಲ್ಲ! ಆ ಬೆಕ್ಕು ಆಮೇಲೆ ನಮ್ಮ ಒಲೆ ಹಿಂದೇನೇ ಸಿಕ್ತು."

"ಹಾಗಾದ್ರೆ ಇವಳ ಹೆಸರು ಬರೀರಿ!" ಎಂದ ವರ್ಲಿನ್.

"ದಿಮ್ಮಿ ಯಾರ್ದು?" ಓಡೀಲ್ ಆಗಲೇ ಕೆಂಪು ಬಣ್ಣದ ಡಬ್ಬಿ ತೆರೆಯುತ್ತಿದ್ದಳು.

ಹೊಸ ಪಟ್ಟಿ ಹಾಕಿದ ಮೇಲೆ ಅವಳು ದಿಮ್ಮಿಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತಳು. ತುದಿಯ ವರ್ತುಲಗಳನ್ನು ನೋಡಿದಳು, ತೊಗಟೆಯ ಸುಕ್ಕು ಸವರಿದಳು, ಕಾಲು ಸುತ್ತು ಉರುಳಿಸಿದಳು. "ಈ ಮಗ್ಗುಲು," ಎಂದಳು. ಪಟ್ಟಿ ಬೆಣ್ಣೆಗೆ ದಾರ ಹಾಯ್ದಂತೆ ಹಾಯ್ದಿತು. ಮೇಲಿನ ಹಲಗೆಯನ್ನು ಎತ್ತಿದಾಗ ವರ್ಲಿನ್ ಟೋಪಿ ತೆಗೆದ. ಆರು ತಿಂಗಳು ಸ್ಕಂಕ್‌ಗೆ ಮನೆಯಾಗಿದ್ದ ಆ ಕೊಳಕು ತೊಗಟೆಯ ಒಳಗೆ ಜೇನಿನ ಬಣ್ಣದ ಮರವಿತ್ತು. ಕೊಳದ ಮೇಲೆ ಗಾಳಿ ಬೀಸಿದರೆ ಏಳುವಂಥ ಅಲೆಗಳು ಈ ತುದಿಯಿಂದ ಆ ತುದಿಗೆ ಹರಿದಿದ್ದವು. ಬೇರೆ ಮಗ್ಗುಲಲ್ಲಿ ಕೊಯ್ದಿದ್ದರೆ ಆ ಅಲೆಗಳು ಕಾಣುತ್ತಲೇ ಇರಲಿಲ್ಲ. ಬರ್ನಡೀನ್ ಕೂಡ ಅರ್ಧ ನಿಮಿಷ ಮಾತಾಡಲಿಲ್ಲ. ಅದು ಊರಿನ ದಾಖಲೆ.

"ಹೊರಗಿಂದ ಹೇಗೆ ಗೊತ್ತಾಯ್ತು ನಿಮ್ಗೆ?" ವರ್ಲಿನ್ ಕೇಳಿದ.

"ಐವತ್ತು ವರ್ಷ ತಪ್ಪು ಮಗ್ಗುಲು ಕೊಯ್ದಿದೀನಲ್ಲ, ಅದ್ರಿಂದ," ಎಂದಳು ಓಡೀಲ್. "ನಡುವೆ ರೀಪು ಕೊಟ್ಟು ಪೇರಿಸಿಡು. ಬಿಸಿಲು ಬೇಡ, ಗಾಳಿ ಬೇಕು. ಅಂಗುಲಕ್ಕೊಂದು ವರ್ಷ ಒಣಗ್ಬೇಕು."

"ಮೂರಂಗುಲಕ್ಕೆ?"

"ಲೆಕ್ಕ ನಂಗಿಂತ ನಿಂಗೇ ಚೆನ್ನಾಗಿ ಬರತ್ತೆ."

ಬಿಸಿಲಿಲ್ಲದ, ಗಾಳಿಯಾಡುವ ಜಾಗ ವರ್ಲಿನ್‌ನ ಮನೆಯಲ್ಲಿ ಒಂದೇ: ಜಗಲಿ. ಬರ್ನಡೀನ್‌ಳ ಪಿಕಪ್‌ನಲ್ಲಿ ಹಲಗೆ ತಂದು ಅಲ್ಲೇ ಪೇರಿಸಿದರು. ಬರುವಾಗ ಬಲಗಡೆಯ ಮರದ ಜಾಗದಲ್ಲಿ ಬುಡವೊಂದೇ ಇತ್ತು. ಮನೆಯ ದಾರಿ ಮುಂದಿನ ಎರಡೂ ಹಲ್ಲು ಬಿದ್ದ ಬಾಯಿಯಂತಿತ್ತು. ಹೋಯ್ಟ್ ಮಾತಿಗೆ ತಪ್ಪುವವನಲ್ಲ ಎಂದು ವರ್ಲಿನ್ ಮೆಚ್ಚಿಕೊಂಡ.

ಆರು ಗಂಟೆಗೆ ಆರ್ಡಿತ್ ಕತ್ತಲಲ್ಲಿ ಜಗಲಿ ಹತ್ತಿ ಎಡವಿದಳು. ದೀಪ ಹಾಕಿದಳು.

"ದಿಮ್ಮಿ ಅಮ್ಮ ಹೋದ್ಲು, ಹಲಗೆ ಮಕ್ಕಳು ಬಂದ್ವೋ?"

"ಒಂದು ಸಲ ಮುಟ್ಟಿ ನೋಡು," ಎಂದ ವರ್ಲಿನ್.

ಆಕೆ ಆ ಅಲೆಗಳ ಮೇಲೆ ಅಂಗೈಯಾಡಿಸಿದಳು, ಮತ್ತೊಮ್ಮೆ ಆಡಿಸಿದಳು. "ಇದು ಆ ದಿಮ್ಮೀನಾ? ಎಷ್ಟು ಚೆನ್ನಾಗಿದೆಯೋ!"

ಆರು ತಿಂಗಳು ನುಂಗಿಕೊಂಡಿದ್ದನ್ನು ವರ್ಲಿನ್ ಒಂದೇ ಉಸಿರಿಗೆ ಹೇಳಿದ: ಮೇಜು, ಲಾಟೀನು, ನಲವತ್ತು ವರ್ಷ, ಎಡಗಡೆಯ ಮರ.

ಆರ್ಡಿತ್‌ಳ ಕಣ್ಣು ಒದ್ದೆಯಾಯಿತು. ಆಮೇಲೆ ಹುಬ್ಬು ಮೇಲೇರಿತು.

"ಎಡಗಡೆ ಮರ ಸರಿ. ಆದ್ರೆ ಆವತ್ತು ನಾವು ಮನೆಯಿಂದ ಆಚೆ ಹೋದ್ವಲ್ಲೋ. ಮನೆಯಿಂದ ಹೋಗ್ತಾ ಎಡಗಡೆ. ನೀನು ಕಾಗದ ಹಂಚೋನು, ಎಲ್ರ ಮನೇನೂ ರಸ್ತೆಯಿಂದಾನೇ ನೋಡ್ತೀಯ! ನಮ್ಮ ಮರ ಇನ್ನೊಂದು. ನಿನ್ನ ಕೊಕ್ಕೆ ನುಂಗಿದ ಕಡೆ ಒಂದು ಗಂಟು ಬಂದಿದೆ. ಕಾಗದ ತರೋಕೆ ಹೋದಾಗೆಲ್ಲ ಅದನ್ನ ಸವರಿ ಬರ್ತೀನಿ. ಬಾ, ತೋರಿಸ್ತೀನಿ."

ವರ್ಲಿನ್ ಬಾಯಿಂದ ಮಾತು ಹೊರಡುವ ಮೊದಲೇ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಹೋಯ್ಟ್ ನಿಂತಿದ್ದ. ಒಂದು ಕೈಯಲ್ಲಿ ತುಂಡಾದ ಗರಗಸದ ಚೈನ್, ಇನ್ನೊಂದರಲ್ಲಿ ತುಕ್ಕು ಹಿಡಿದ ಕೊಕ್ಕೆ.

"ಗುಂಡುಸೂಜೀನೂ ಇಲ್ಲ ಅಂದ್ಯಲ್ಲೋ, ಗ್ಯಾರಂಟಿ!"

"ಮರ ಎಲ್ಲಿ?" ಆರ್ಡಿತ್ ಕೇಳಿದಳು.

"ಸೌದೆ ಮಾಡಿ ಆಯ್ತಲ್ಲ. ಒಂದೊಂದೂ ಗೇಣುದ್ದ, ನಾಲ್ಕು ಸೀಳು. ಅರ್ಧ ಆಗಲೇ ಮಾರಾಟವೂ ಆಯ್ತು." ಹೋಯ್ಟ್ ವರ್ಲಿನ್ ಕಡೆ ತಿರುಗಿದ. "ಓಡೀಲ್‌ಗೆ ಫೋನ್ ಮಾಡಿದ್ದೆ. 'ಅವನು ಇದೆ ಅಂದ ಕಡೆ ಇರ್ಲಿಲ್ಲ, ಇಲ್ಲ ಅಂದ ಕಡೆ ಇತ್ತು, ಚೈನನ್ನೂ ತಂದು ಕೊಡು' ಅಂದ್ಲು. ಗೋಡೆ ಮೇಲೆ ಪಾದ್ರಿ ಹೆಸರಿನ ಪಕ್ಕದಲ್ಲೇ ಜಾಗ ಇದೆಯಂತೆ."

ಅವನು ಕೊಕ್ಕೆಯನ್ನು ಹಲಗೆಯ ಮೇಲೆ ಇಟ್ಟು ಹೊರಟುಹೋದ. ಹೊರಗೆ ಸ್ಕಂಕ್ ತನ್ನ ಮನೆ ಹುಡುಕುತ್ತಾ ಅಂಗಳದಲ್ಲಿ ಸುತ್ತುಹಾಕುತ್ತಿತ್ತು.

ಕೊನೆಗೆ ಆರ್ಡಿತ್ ಒಳಗೆ ಹೋಗಿ ಸುತ್ತಿಗೆ ತಂದಳು.

"ಹೊಡಿ," ಎಂದಳು. "ಈ ಹಲಗೆ ಅಂಚಿಗೇ ಹೊಡಿ. ಆಗ್ಲಾದ್ರೂ ಈ ಮರದಲ್ಲಿ ಕೊಕ್ಕೆ ಇದೆ ಅಂತ ನೀನು ಹೇಳಿದ್ದು ನಿಜ ಆಗತ್ತೆ."

ವರ್ಲಿನ್‌ಗೆ ಜೀವ ಬಂತು. ಕೊಕ್ಕೆಯನ್ನು ಹಲಗೆಯ ಅಂಚಿಗಿಟ್ಟು, ನಾಲಿಗೆ ಕಚ್ಚಿ, ಗುರಿಯಿಟ್ಟು ಹೊಡೆದ. ನಲವತ್ತು ವರ್ಷ ಗಾಳಿ, ಹಿಮ, ಹೋಯ್ಟ್‌ನ ಗರಗಸ ಎಲ್ಲವನ್ನೂ ತಾಳಿಕೊಂಡಿದ್ದ ಕೊಕ್ಕೆ ಒಂದೇ ಏಟಿಗೆ ಎರಡು ತುಂಡಾಯಿತು. ಮೊನೆಯ ಅರ್ಧ ಹಲಗೆಯೊಳಗೆ ಹೂತುಹೋಗಿ ಕಾಣದಾಯಿತು.

"ನೆನಪಿಟ್ಕೊ," ಎಂದಳು ಆರ್ಡಿತ್, ಒಳಗೆ ಹೋಗುತ್ತಾ. "ಮೂರು ವರ್ಷ ಬಿಟ್ಟು ಬಡಗಿ ಕೇಳಿದಾಗ, ಇದೆ ಅಂತ ಹೇಳ್ಬೇಕು."